ಮಹಾಂತೇಶನ ಕಿವಿಗುಣ

"ಅಪ್ಪಾ, ಕಿವಿ ನೋಯಾಕತ್ತೈತಿ."

ಐದು ವರ್ಷದ ಭಾಗ್ಯಶ್ರೀ ಅಂದದ್ದು ಇಷ್ಟೇ. ಹೊಲಿಗೆ ಯಂತ್ರದ ಮುಂದೆ ಕೂತಿದ್ದ ಮಹಾಂತೇಶ ಜಿಗಿದು ಬಂದು ಮಗಳ ಬಾಯಿ ಮುಚ್ಚಿದ. ಸವಣೂರಿನ ಆ ಓಣಿಯಲ್ಲಿ ಗೋಡೆಗಳಿಗೆ ಕಿವಿ ಇದ್ದದ್ದಷ್ಟೇ ಅಲ್ಲ, ಒಂದೊಂದು ಗೋಡೆಯ ಹಿಂದೆ ಒಂದೊಂದು ಔಷಧಿಯೂ ಇತ್ತು.

ಹೋದ ವರ್ಷ ಓಣಿಯವರು ಸುರಿದ ಎಣ್ಣೆಯಿಂದ ಹುಡುಗಿಯ ಕಿವಿ ಮಳೆಗಾಲವಿಡೀ ಸೋರಿತ್ತು. ಹೆಂಡತಿ ಶೈಲಾ ಆಶಾ ಕಾರ್ಯಕರ್ತೆ. ಮಕ್ಕಳ ಕಿವಿಗೆ ಏನೂ ಹಾಕಬೇಡಿರೆಂದು ಮನೆಮನೆಗೆ ಹೇಳಿ ಗಂಟಲು ಹರಿದುಕೊಂಡವಳು. ಇವತ್ತು ತರಬೇತಿಗೆಂದು ಶಿಗ್ಗಾಂವಿ ಬಸ್ಸು ಹತ್ತುವ ಮುಂಚೆಯೂ ಬೆರಳೆತ್ತಿದ್ದಳು: "ಕೂಸಿಗೆ ನೆಗಡಿ ಆಗೇತಿ. ಕಿವಿ ನೋವಂದ್ರ ಸೀದಾ ದವಾಖಾನಿಗೆ ಹೋಗ್ರಿ. ಆಕಿ ಕಿವ್ಯಾಗ ಒಂದು ಹನಿ ಬಿತ್ತೋ, ನಾ ಹಾನಗಲ್ಲಿಗೆ, ತವರುಮನಿಗೆ ಹೊಂಟೆ!"

ಮಕ್ಕಳ ಡಾಕ್ಟರು ಬರುವುದು ಮಧ್ಯಾಹ್ನದ ಮೇಲೆ. ಬಡವರ ಮಕ್ಕಳ ರೋಗಗಳು ಡಾಕ್ಟರ ವೇಳೆ ಕೇಳಿಕೊಂಡೇ ಬರುತ್ತವೆಂಬುದು ಸರ್ಕಾರದ ನಂಬಿಕೆ. ಮಗ್ಗುಲ ಮನೆಯ ಮುದುಕಿ ತಿಪ್ಪವ್ವನಿಗೆ ಅಂಥ ವೇಳೆಗೀಳೆ ಇರಲಿಲ್ಲ. ಚಮಚದಲ್ಲಿ ಬೆಳ್ಳುಳ್ಳಿ ಎಣ್ಣೆ ಹಿಡಿದು ಬಂದೇಬಿಟ್ಟಳು.

"ಎಲ್ಲೈತಿ ಕೂಸು? ತಲಿ ಹಿಡಕೋ!"

"ಬ್ಯಾಡ ಆಯಿ..."

"ಯಾಕ? ನಿಮ್ಮಪ್ಪನ ಕಿವಿಗೂ ನಾನ ಹಾಕೇನಿ."

"ಅಪ್ಪ ಸಾಯೋತನಕ ಕಿವುಡಾಗಿದ್ದ, ಆಯಿ."

"ಕಿವುಡಾಗಿದ್ದ ಖರೆ. ನೋವಿತ್ತೇನು?"

ಚಮಚ ಮಗಳ ಕಿವಿಯತ್ತ ಬಾಗಿತು. ಮಹಾಂತೇಶನಿಗೆ ಹಾನಗಲ್ಲಿನ ಬಸ್ಸು ಕಣ್ಣಿಗೆ ಕಟ್ಟಿತು. "ಆಕಿಗಲ್ಲ, ನೋವು ನನಗ!" ಅಂದುಬಿಟ್ಟ.

ಕಾಯಿಸಿದ ಎಣ್ಣೆಗೆ ಕಿವಿ ಯಾವುದಾದರೇನು? ತಿಪ್ಪವ್ವ ಬಟ್ಟೆ ಕತ್ತರಿಸುವ ಟೇಬಲ್ಲಿನ ಮೇಲೆ ಅವನನ್ನು ಜಂಪರಿನ ಅರಿವೆಯಂತೆ ಅಡ್ಡ ಕೆಡವಿ ಬಲಗಿವಿಗೆ ಸುರಿದಳು. ಅಷ್ಟರಲ್ಲಿ ಹಿಂದಿನ ಮನೆಯ ಲಾಲಬಿ, ಕೆಂಡದ ಮೇಲೆ ಬಾಡಿಸಿದ ವೀಳ್ಯದೆಲೆ ಹಿಡಿದು ಬಂದಳು.

"ಅಯ್ಯ ತೋಬಾ! ಎಲಿಗೆ ಹೆಸರಾದ ಸವಣೂರಾಗ ಹುಟ್ಟಿ ಎಲಿ ಬಿಟ್ಟು ಬಳ್ಳೊಳ್ಳಿ ಹಾಕ್ತಾರೇನ ತಿಪ್ಪವ್ವ? ಸರಿ ಅತ್ತಾಗ."

ಎಲೆಯ ರಸ ಇಳಿಯಿತು. ಎದುರುಮನೆಯ ಉಳಿವೆಪ್ಪ ಉಳ್ಳಾಗಡ್ಡಿ ಹಿಂಡಿದ. ಮತ್ತೆ ತಿಪ್ಪವ್ವ ಅಜವಾನದ ಹೊಗೆ ಕೊಟ್ಟಳು. ಮಹಾಂತೇಶನ ಕಿವಿ ಒಗ್ಗರಣೆಯ ಬೋಗುಣಿಯಾಯಿತು. ಮೇಲೆ ಒಂದು ಹಿಡಿ ಚುರುಮುರಿ ಸುರಿದಿದ್ದರೆ ಓಣಿಗೆಲ್ಲ ನಾಷ್ಟಾ ಆಗುತ್ತಿತ್ತು. ಮಗಳು ನೋವು ಮರೆತು ನೋಡುತ್ತ ನಿಂತಳು.

ಮಧ್ಯಾಹ್ನ ಅವನು ತನ್ನ ಕಿವಿ ತೋರಿಸುವ ನೆಪದಲ್ಲಿ ಮಗಳನ್ನು ದವಾಖಾನೆಗೆ ಒಯ್ದ. ಡಾಕ್ಟರು ಅವಳಿಗೆ ಸಿರಪ್ಪು ಬರೆದರು. ಅಪ್ಪನ ಕಿವಿ ನೋಡಿ ಮೂಗು ಮುಚ್ಚಿಕೊಂಡರು.

ಸಂಜೆಯ ಹೊತ್ತಿಗೆ ಹುಡುಗಿ ಕುಂಟೆಬಿಲ್ಲೆ ಆಡುತ್ತಿದ್ದಳು. ಅಪ್ಪನಿಗೆ ಬಲಗಿವಿ ಕೇಳಿಸುತ್ತಿರಲಿಲ್ಲ. ಆದರೂ ತರಬೇತಿ ಮುಗಿಸಿ ಬಂದ ಹೆಂಡತಿ ಎದುರು ಎದೆಯುಬ್ಬಿಸಿದ: "ನಿನ್ನ ಮಾತು ಉಳಿಸೇನಿ. ಕೂಸಿನ ಕಿವ್ಯಾಗ ಒಂದು ಹನಿ ಬಿದ್ದಿಲ್ಲ!"

ಮರುದಿನ ಬೆಳಿಗ್ಗೆ ಭಾಗ್ಯಶ್ರೀ ಕಟ್ಟೆಯ ಮೇಲೆ ಕೂತು ಸತ್ಯ ಒದರಿದಳು. "ತಿಪ್ಪವ್ವಾಯಿ, ನೋವು ನನಗಿತ್ತು. ಅಪ್ಪ ಸುಳ್ಳು ಹೇಳಿದ."

ಮಹಾಂತೇಶ ಬೈಗುಳಕ್ಕೆ ಸಜ್ಜಾಗಿ ತಲೆ ತಗ್ಗಿಸಿದ. ತಿಪ್ಪವ್ವ ಬೈಯಲಿಲ್ಲ. ಗದ್ದಕ್ಕೆ ಕೈಯಿಟ್ಟು ನಿಂತಳು.

"ಅಂದ್ರ ಅಪ್ಪನ ಕಿವಿಗೆ ಹಾಕಿದ್ದು ಮಗಳಿಗೆ ನಾಟೇತಿ!"

"ಸಿರಪ್ಪಿನಿಂದ ಆರಾಮಾಗೇತಿ ಆಯಿ..."

"ಸುಮ್ನಿರು. ಕೆಲವರಿಗೆ ಕೈಗುಣ ಇರ್ತೈತಿ, ನಿನಗ ಕಿವಿಗುಣ ಐತಿ!"

ಚಹಾ ಆರುವುದರೊಳಗೆ ಸುದ್ದಿ ಓಣಿ ಸುತ್ತಿತು. ಲಾಲಬಿ, ಕಿವಿ ಹಿಡಿದು ಅಳುತ್ತಿದ್ದ ಮೊಮ್ಮಗಳು ಇರಮಳನ್ನು ಕಂಕುಳಲ್ಲೂ ಬಿಸಿ ಎಲೆಯನ್ನು ಕೈಯಲ್ಲೂ ಹಿಡಿದು ಬಂದಳು. "ಮಹಾಂತೇಶ, ಅಡ್ಡಾಗು. ಹಾಕಾಕ ಈಕಿ ಅಪ್ಪನ ಕಿವಿ ಇಲ್ಲ, ಲಾರಿ ತಗೊಂಡು ಹೋಗ್ಯಾನ. ನಿನ್ನ ಕಿವಿನ ಗತಿ."

ಮಹಾಂತೇಶ ಹೆಂಡತಿಯ ಕಡೆ ನೋಡಿದ. "ಶೈಲಾ, ನೀನರ ತಿಳಿಸಿ ಹೇಳ."

ಶೈಲಾ ಲಾಲಬಿಯ ಕೈಯಲ್ಲಿದ್ದ ಎಲೆ ನೋಡಿದಳು, ಕೂಸನ್ನು ನೋಡಿದಳು, ಗಂಡನ ಕಿವಿ ನೋಡಿದಳು. ವರ್ಷಗಟ್ಟಲೆ ಹೇಳಿದರೂ ಕೇಳದ ಓಣಿ ಇವತ್ತು ತಾನಾಗಿಯೇ ಮಕ್ಕಳ ಕಿವಿ ಬಿಟ್ಟಿತ್ತು. ಇರಮಳನ್ನು ಎತ್ತಿಕೊಂಡು ಚಪ್ಪಲಿ ಮೆಟ್ಟಿದಳು.

"ಚಾಚಿ, ಕೂಸನ್ನ ನಾ ದವಾಖಾನಿಗೆ ಕರ್ಕೊಂಡು ಹೋಗ್ತೇನಿ. ನೀವು ಅಷ್ಟೊತ್ತಿಗೆ ಇವರಿಗೆ ಹಾಕಿ ಮುಗಸ್ರಿ." ಹೊಸ್ತಿಲಲ್ಲಿ ತಿರುಗಿ ನಿಂತು ಸೇರಿಸಿದಳು: "ಬಲಗಿವಿ ತುಂಬೇತಿ. ಎಡಕ್ಕ ಹಾಕ್ರಿ."