ಒಂದೂವರೆ ಗಂಟೆಯ ಹಾರ್ನು

ರಂಜಾನ್ ತಿಂಗಳಲ್ಲಿ ಬೆಳಗಾಗುವುದರೊಳಗೆ ನಾನು ಮಾಡುವ ಕೆಲಸ ಕೇಳಿ. ಮೂರೂವರೆಗೆ ಏಳುವುದು. ಒಲೆ ಹಚ್ಚಿ ಎಸರಿಡುವುದು. ಜೋಳದ ಹಿಟ್ಟು ನಾದಿ ಹದಿನೆಂಟು ರೊಟ್ಟಿ ಬಡಿಯುವುದು. ರಾತ್ರಿಯ ಖಟ್ಟಿ ದಾಲ್ ಬಿಸಿ ಮಾಡುವುದು. ಅತ್ತೆಯ ಬಿಪಿ ಗುಳಿಗೆ ತೆಗೆದಿಡುವುದು. ಮಗಳನ್ನು ಎರಡು ಸಲ, ಗಂಡನನ್ನು ಐದು ಸಲ ಎಬ್ಬಿಸುವುದು. ಉಪವಾಸ ಹಿಡಿಯುವ ಮುಂಚೆ ಎಲ್ಲರಿಗೂ ಸೆಹ್ರಿಯ ಊಟ ಬಡಿಸಿ, ಅಜಾನ್ ಆಗುವುದರೊಳಗೆ ನಿಂತುಕೊಂಡೇ ನಾನೂ ನಾಲ್ಕು ತುತ್ತು ನುಂಗುವುದು. ಆಮೇಲೆ ಪಾತ್ರೆ. ಆಮೇಲೆ ನಳದ ನೀರು. ಇಷ್ಟಾದ ಮೇಲೆ ಸೂರ್ಯ ಹುಟ್ಟುತ್ತಾನೆ, ಪುಣ್ಯಾತ್ಮ! ನಾನು ಮಟಕಿ ಊರಿನ ಶಾಲೆಗೆ ಪಾಠ ಹೇಳಲು ಬಸ್ಸಿನ ಹಿಂದೆ ಓಡುತ್ತೇನೆ.

ಓಡಿ ಓಡಿ ಸಾಕಾಗಿತ್ತು. ಅಂಗಳದಲ್ಲಿ ನೋಡಿದರೆ ನಮ್ಮ ಸ್ಕೂಟರ್ ಸುಮ್ಮನೆ ಧೂಳು ತಿನ್ನುತ್ತ ನಿಂತಿದೆ. ನಮ್ಮವರು, ಅಂದರೆ ಹಫೀಜ, ಹೊಸ ಬೈಕು ತಂದ ಮೇಲೆ ಅದನ್ನು ಗ್ಯಾರೇಜಿನ ದತ್ತಪ್ಪನಿಗೆ ಮಾರಲು ಹೊರಟಿದ್ದರು.

"ಮಾರಬ್ಯಾಡ್ರಿ. ನಾ ಕಲೀತೇನಿ," ಎಂದೆ.

"ನೀನಾ? ಹಗಲಿನ್ಯಾಗ ಕಲಿತ್ರ ಓಣಿ ಮಂದಿ ಕುರ್ಚಿ ಹಾಕ್ಕೊಂಡು ನೋಡ್ತಾರ."

"ರಾತ್ರಿ ಕಲೀತೇನಿ."

"ಒಬ್ಬರಾದ್ರೂ ಬಂದು ದೂರು ಹೇಳಿದ್ರ ಗಾಡಿ ದತ್ತಪ್ಪಗ. ನೋಡು ಮತ್ತ!"

"ದೂರಾ? ಈ ಮಸರತ ಗಾಡಿ ಹೊಡದದ್ದು ಆಳಂದದ ಒಂದು ನಾಯಿಗೂ ಗೊತ್ತಾಗಂಗಿಲ್ಲ!"

ಮೂರು ರಾತ್ರಿ ಅವರು ಹಿಂದೆ ಕುಳಿತು ಕಲಿಸಿದರು. ಇದು ಎಕ್ಸಿಲೇಟರ್, ಇದು ಬ್ರೇಕ್, ಇಷ್ಟು ಸಾಕು. ನಾಲ್ಕನೆಯ ರಾತ್ರಿ ಗುರುಗಳು ಗೊರಕೆಗೆ ಇಳಿದರು. ನಾನು ಇಫ್ತಾರಿನ ಪಾತ್ರೆ ತೊಳೆದೆ, ರಾತ್ರಿಯ ತರಾವೀಹ್ ನಮಾಜು ಮುಗಿಸಿ ಬಂದವರ ಚಹಾದ ಕಪ್ಪು ತೊಳೆದೆ, ಕೈ ಒರೆಸಿಕೊಂಡು ಗಡಿಯಾರ ನೋಡಿದರೆ ಒಂದೂ ಇಪ್ಪತ್ತು. ಮಲಗಿದರೆ ಎರಡು ತಾಸು ನಿದ್ದೆ. ಬೇಡ! ಕೀಲಿ ತೆಗೆದುಕೊಂಡೆ.

ಅಬ್ಬಾ, ಆ ಸವಾರಿ! ಹತ್ತೊಂಬತ್ತು ವರ್ಷ ಹಿಂದಿನ ಸೀಟಿನಲ್ಲಿ ಕುಳಿತು ಗಂಡನ ಬೆನ್ನನ್ನೇ ನೋಡಿದವಳಿಗೆ ಮೊದಲ ಸಲ ರಸ್ತೆ ಕಂಡಿತು! ಮಾರ್ಚಿನ ಬಿಸಿಲಿಗೆ ಹಗಲೆಲ್ಲ ಕಾದ ಊರು ಆಗ ತಣ್ಣಗಾಗಿತ್ತು. ಗಾಳಿ ಓಢಣಿಯನ್ನು ಬಾವುಟ ಮಾಡಿತು. ಮೀಟರಿನ ಮುಳ್ಳು ಇಪ್ಪತ್ತೈದು ಮುಟ್ಟಿತು. ವಿಮಾನಕ್ಕೂ ಇಷ್ಟು ವೇಗ ಇರುತ್ತದೋ ಇಲ್ಲವೋ!

ಅಷ್ಟರಲ್ಲಿ ಓಣಿಯ ನಾಯಿಗಳಿಗೆ ಗೊತ್ತಾಯಿತು. ಒಂದಲ್ಲ, ಆರು. ಬೆದರಿಸಲೆಂದು ಹಾರ್ನ್ ಒತ್ತಿದೆ. ಪೀಂ! ಬೆರಳು ತೆಗೆದೆ. ಪೀಂಂಂಂ! ಗುದ್ದಿದೆ, ಉಗುರಿನಿಂದ ಕೆರೆದೆ, ಅಲ್ಲಾನನ್ನು ನೆನೆದೆ. ಒಳಗೆ ಹೋದ ಗುಂಡಿ ಹೊರಗೆ ಬರಲೊಲ್ಲದು. ನಿಲ್ಲಿಸೋಣವೆಂದರೆ ಹಿಂದೆ ನಾಯಿ. ಹೀಗೆ ಮುಂದೆ ನಾನು, ನಡುವೆ ಹಾರ್ನು, ಹಿಂದೆ ಆರು ನಾಯಿಗಳ ಮೆರವಣಿಗೆ ಓಣಿಯನ್ನು ನಾಲ್ಕು ಸುತ್ತು ಹಾಕಿತು!

ಈಗ ಒಂದು ಸಂಗತಿ ಹೇಳಬೇಕು. ನಮ್ಮ ಓಣಿಯಲ್ಲಿ ಸೆಹ್ರಿಗೆ ಎಬ್ಬಿಸುವವನು ಲಾಡ್ಲೆಸಾಬ. ಪ್ರತಿ ವರ್ಷ ತಗಡಿನ ಡಬ್ಬಿ ಬಡಿಯುತ್ತ ನಡೆದು ಬರುತ್ತಿದ್ದವನು, ಈ ವರ್ಷ ಮೊಣಕಾಲು ನೋವೆಂದು ಅಳಿಯನ ಗಾಡಿಯ ಮೇಲೆ ಕುಳಿತು ಹಾರ್ನ್ ಹೊಡೆಸುತ್ತಿದ್ದ. ಹಾರ್ನು ಕೇಳಿತೆಂದರೆ ಮೂರೂವರೆ ಎಂದೇ ಲೆಕ್ಕ. ನಿದ್ದೆಗಣ್ಣಿನಲ್ಲಿ ಗಡಿಯಾರ ನೋಡುವಷ್ಟು ಪುರುಸೊತ್ತು ಯಾವ ಹೆಂಗಸಿಗಿದೆ? ನನ್ನ ಎರಡನೆಯ ಸುತ್ತಿಗೆ ಮನೆಮನೆಯಲ್ಲಿ ದೀಪ ಹತ್ತಿತು. ಮೂರನೆಯ ಸುತ್ತಿಗೆ ರೊಟ್ಟಿ ಬಡಿಯುವ ಸಪ್ಪಳ ಎದ್ದಿತು. ನಾಲ್ಕನೆಯ ಸುತ್ತಿಗೆ ಓಣಿಯ ಎಲ್ಲರ ಚಿಕ್ಕಮ್ಮ ಕರೀಮುನ್ನಿಸಾ ಖಾಲಾ ಹಿಟ್ಟಿನ ಕೈಯಲ್ಲೇ ಓಡಿಬಂದು ಗಾಡಿಗೆ ಅಡ್ಡ ನಿಂತಳು. ಎರಡೂ ಬ್ರೇಕು ಹಿಡಿದೆ. ನಾಯಿಗಳು ಖಾಲಾನ ಮುಖ ನೋಡಿ ಹಿಂದಕ್ಕೆ ಸರಿದವು. ಖಾಲಾ ಕೈ ಚಾಚಿ ಕೀಲಿ ತಿರುವಿದಳು. ಹಾರ್ನು ನಿಂತೇಬಿಟ್ಟಿತು!

"ಕೀಲಿ ತಿರುವಿದ್ರ ಬಾಯಿ ಮುಚ್ತದಬೇ! ಅಷ್ಟೂ ತಿಳೀದ ಮಾಸ್ತರಿಕಿ ಹ್ಯಾಂಗ ಮಾಡ್ತಿ?"

"ಅದನ್ನ ನಮ್ಮವರು ಹೇಳಿಕೊಟ್ಟಿಲ್ಲ ಖಾಲಾ..."

"ಅವರು ಏನೂ ಹೇಳಿಕೊಡಂಗಿಲ್ಲ. ಈಗ ಒಂದೂಮುಕ್ಕಾಲು! ನನ್ನ ಎರಡು ತಾಸಿನ ನಿದ್ದಿ ಕೊಡು, ತಾ!"

ಹಿಂದೆಯೇ ಹತ್ತು ಹೆಂಗಸರು ಬಂದರು. ಅವರು ಬೈದದ್ದನ್ನು ಪವಿತ್ರ ತಿಂಗಳಿನಲ್ಲಿ ಬರೆಯಬಾರದು. ಇಷ್ಟಾಗಿ, ತಿರುಗಿ ಹೋದವರು ಮಲಗಿದರೇ? ಇಲ್ಲ! ಹೇಗೂ ಒಲೆ ಹತ್ತಿದೆ, ಸಮಯವೂ ಇದೆ ಎಂದು ಇನ್ನೆರಡು ಪದಾರ್ಥ ಮಾಡಿದರು.

ನಾಲ್ಕು ಗಂಟೆಗೆ ಗಂಡಸರು ಎದ್ದರು. ಹಾರ್ನ್ ಒಬ್ಬರಿಗೂ ಕೇಳಿಸಿರಲಿಲ್ಲ. ಮುಂದೆ ನೋಡಿದರೆ ಖೀಮಾ, ಖಿಚಡಿ, ಖಟ್ಟಾ, ಮೇಲೆ ಖೀರು! ಖಾಲಾನ ಗಂಡ ಅಮೀರ ಸಾಹೇಬರು ಓಣಿಗೆಲ್ಲ ಹಿರಿಯರು. ಖಾಲಾನಿಂದ ರಾತ್ರಿಯ ಸಂಗತಿ ಕೇಳಿದ್ದ ಅವರು ಬೆಳಗಿನ ನಮಾಜು ಮುಗಿಸಿ ಹೊರಬಂದವರೇ ಫರ್ಮಾನು ಹೊರಡಿಸಿದರು: "ಸೆಹ್ರಿ ಅಂದ್ರ ಹಿಂಗಿರಬೇಕು! ಇನ್ನು ಮ್ಯಾಲ ದಿನಾ ಮಸರತನೇ ಹಾರ್ನ್ ಹೊಡೀಲಿ. ಒಂದೂವರಿಗೇ!"

ಮೊಣಕಾಲು ನೋವಿನ ಲಾಡ್ಲೆಸಾಬ ಅಲ್ಲೇ ಹೂಂ ಅಂದುಬಿಟ್ಟ.

ನಮ್ಮವರು ಎದೆಯುಬ್ಬಿಸಿಕೊಂಡು ಮನೆಗೆ ಬಂದರು. "ಗಾಡಿ ಮಾರಂಗಿಲ್ಲ. ನಿನ್ನ ಮ್ಯಾಲ ಒಬ್ಬರೂ ದೂರು ಹೇಳಿಲ್ಲ!"

"ಹನ್ನೊಂದು ಮಂದಿ ಹೆಂಗಸರು ಬೈದ್ರಲ್ರಿ?"

"ಅದು ಹೆಂಗಸರ ಮಾತು. ದೂರಲ್ಲ. ಆದ್ರ ನೋಡು, ಹಾರ್ನ್ ತಪ್ಪಿತೋ, ಗಾಡಿ ದತ್ತಪ್ಪಗ."

ಸಂಜೆಯೊಳಗೆ ಹಾರ್ನಿನ ಗುಂಡಿಯನ್ನು ಅವರೇ ರಿಪೇರಿ ಮಾಡಿಸಿ ತಂದರು. ಐದು ಸಲ ಎಬ್ಬಿಸಿದರೂ ಏಳದ ಮನುಷ್ಯ!

ಆ ರಾತ್ರಿ ಒಂದೂವರೆಗೆ ಗಾಡಿ ಹೊರಗೆ ತೆಗೆದೆ. ಖಾಲಾನ ಮನೆಯ ಮುಂದೆ ಬಂದಾಗ ಹೆಬ್ಬೆರಳು ಗುಂಡಿಯ ಮೇಲಿತ್ತು. ಕಿಟಕಿ ಕತ್ತಲು. ಮಲಗಲಿ ಪಾಪ ಎಂದು ಬೆರಳು ತೆಗೆದೆ. ಹನ್ನೊಂದು ಹೆಂಗಸರಿಗೆ ತಲಾ ಎರಡು ತಾಸು ನಿದ್ದೆ ದಾನ ಮಾಡಿದ ದೊಡ್ಡ ದಾನಿ ನಾನು! ಎದೆ ತುಂಬಿ ಬಂತು.

ಕತ್ತಲಿಂದ ಖಾಲಾನ ದನಿ ಬಂತು. "ಯಾಕಬೇ ಮಸರತ, ಹಾರ್ನ್ ಕೆಟ್ಟದೇನು? ಈಗ ಹೊಡೀತಿ, ಆಗ ಹೊಡೀತಿ ಅಂತ ಒಂದು ಗಂಟೆಯಿಂದ ಎದ್ದು ಕುಂತೇನಿ. ಹಿಟ್ಟೂ ನಾದೇನಿ!"

ಪಕ್ಕದ ಮನೆಯಲ್ಲೂ ಬಳೆಯ ಸಪ್ಪಳ. ಅದರ ಪಕ್ಕದಲ್ಲೂ. ನನ್ನ ದಾನವೆಲ್ಲ ಅಲ್ಲೇ ಮಣ್ಣುಪಾಲು!

ಮನೆಯೊಳಗಿನ ಸೆಕೆಗೆ ಅಮೀರ ಸಾಹೇಬರು ಬಾಗಿಲ ಮುಂದೆ ಹೊರಸು ಹಾಕಿಕೊಂಡು ಮಲಗಿದ್ದರು. ಗಾಡಿಯನ್ನು ಅವರ ತಲೆದಿಂಬಿನ ತನಕ ಒಯ್ದು, ಕಿವಿಯ ಹತ್ತಿರವೇ ಹಾರ್ನ್ ಒತ್ತಿದೆ. ಪೀಂ!

ಸಾಹೇಬರು ಕಣ್ಣು ತೆರೆಯಲಿಲ್ಲ. ಮಗ್ಗಲು ಬದಲಿಸಿ ಅಂದರು: "ಆಯ್ತೇನು? ಬಡಸ್ರಿ."

ಗಾಡಿ ತಿರುಗಿಸಿಕೊಂಡು ಓಣಿಯ ಬಾಯಿಗೆ ಬಂದೆ. ಎಡಕ್ಕೆ ಹೊರಳಿದರೆ ನಮ್ಮ ಮನೆ. ಅಲ್ಲಿ ಡಬ್ಬಿಯಲ್ಲಿ ಹಿಟ್ಟಿದೆ, ಹಾಸಿಗೆಯಲ್ಲಿ ಗಂಡ ಇದ್ದಾರೆ. ಬಲಕ್ಕೆ ಅಫಜಲಪುರದ ರಸ್ತೆ, ಪೂರಾ ಖಾಲಿ. ಓಣಿಗೆ ಹಾರ್ನ್ ಹೊಡೆಯಲಿಲ್ಲವೆಂದು ಬೆಳಿಗ್ಗೆ ದೂರು ಬಂದೇ ಬರುತ್ತದೆ, ಅದೂ ಈ ಸಲ ಗಂಡಸರದು. ಗಾಡಿ ದತ್ತಪ್ಪನ ಮನೆಗೆ ಹೋದರೂ ಹೋದೀತು.

ಯಾರನ್ನೂ ಕೇಳಲಿಲ್ಲ. ಬಲಕ್ಕೆ ಹೊರಳಿದೆ.