ಅವ್ವ ಬಸಿದ ಕಡಲ ಸೊಪ್ಪು

ಮಾತ್ರೆ ಎಂದರೆ ಮುಖ ಸಿಂಡರಿಸುವ ನಾನು, ಅದೇ ಗುಣ ಯಾವುದೋ ಸೊಪ್ಪಿನಲ್ಲಿದೆ ಎಂದು ಕೇಳಿದರೆ ಹೊರೆಗಟ್ಟಲೆ ತಿನ್ನಲು ತಯಾರಾಗುತ್ತೇನೆ. ಈ ಚಾಳಿ ನನ್ನೊಬ್ಬನದೇ ಅಲ್ಲ ಎಂಬುದು ನನ್ನ ಸಮಾಧಾನ. ಥೈರಾಯ್ಡ್ ಗ್ರಂಥಿ ಸೋಮಾರಿಯಾಗಿದೆ ಎಂದು ಚಾಮರಾಜನಗರದ ಡಾಕ್ಟರಮ್ಮ ದಿನಕ್ಕೊಂದು ಮಾತ್ರೆ ಬರೆದುಕೊಟ್ಟಾಗ, "ಎಷ್ಟು ದಿನ ಮೇಡಂ?" ಎಂದೆ. "ಇರೋವಷ್ಟು ದಿನ" ಎಂದರು. ನನಗೆ ನಿಜಕ್ಕೂ ದುಃಖವಾಯಿತು. ತಾಳವಾಡಿಯ ಶಾಲೆಯಲ್ಲಿ ವಿಜ್ಞಾನ ಹೇಳಿಕೊಡುವವನು ನಾನು. ಥೈರಾಯ್ಡಿಗೆ ಅಯೋಡಿನ್ ಬೇಕು, ಕಡಲ ಪಾಚಿಯಲ್ಲಿ ಅಯೋಡಿನ್ ತುಂಬಿದೆ ಎಂದು ವರ್ಷ ವರ್ಷವೂ ಬೋರ್ಡಿನ ಮೇಲೆ ಬರೆದವನು. ಪಾಚಿಯನ್ನೇ ತಿಂದು ಮಾತ್ರೆ ಬಿಡಿಸಿಕೊಳ್ಳಬೇಕೆಂದು ನಿಶ್ಚಯಿಸಿದೆ.

ತಮಿಳುನಾಡಿನ ಕಡಲ ತೀರದ ರಾಮನಾಥಪುರದ ಕಡೆಯ ಸಹೋದ್ಯೋಗಿಯೊಬ್ಬರು ರಜೆಗೆ ಊರಿಗೆ ಹೋದವರು ಒಂದು ಚೀಲ ಒಣ ಪಾಚಿ ತಂದುಕೊಟ್ಟರು. ಅದರೊಳಗೆ ಏನೇನಿದೆ ಎಂದು ಓದುತ್ತಾ ಹೋದಂತೆ ನನ್ನ ಬೆರಗು ಬೆಳೆಯಿತು. ಲೋಳೆಯಂಥ ನಾರು, ಸುಣ್ಣದ ಅಂಶ, ಬಣ್ಣಕ್ಕೊಂದು ಸತ್ವ! ಮೀನಿನ ಮೈಯ ಒಳ್ಳೆಯ ಕೊಬ್ಬಿಗೂ ಮೂಲ ಪಾಚಿಯೇ ಅಂತೆ. ಪಣಕಹಳ್ಳಿಯ ನಮ್ಮ ಮನೆಯ ಜಗಲಿಯಲ್ಲಿ ಚೀಲ ಬಿಚ್ಚಿದಾಗ ಅವ್ವ ಮೂಸಿ ನೋಡಿದಳು.

"ಇದೇನ್ಲಾ ಮಗ, ಒಲದ್ ತುಂಬಾ ಬೆರಕೆ ಸೊಪ್ಪಿರುವಾಗ ಪಾಚಿ ತಂದಿದ್ದೀಯ?"

"ಕಡಲ ಸೊಪ್ಪು ಕಣವ್ವ, ಔಷ್ದಿ" ಎಂದು ಸ್ಕೂಲಿಗೆ ಹೊರಟೆ.

ನಮ್ಮಲ್ಲಿ ಸೊಪ್ಪು ಬಸಿದ ನೀರು ಚೆಲ್ಲುವವರಿಲ್ಲ, ಅದೇ ಬಸ್ಸಾರು. ಆದರೆ ಆ ಮರ್ಯಾದೆ ಪರಿಚಯದ ಸೊಪ್ಪಿಗೆ ಮಾತ್ರ. ಸಂಜೆ ಬಂದು ನೋಡಿದರೆ, ಮುದ್ದೆಯ ಪಕ್ಕ ಒಗ್ಗರಣೆ ಹಾಕಿದ ಪಲ್ಯ ಇತ್ತು, ಸಾರು ಇರಲಿಲ್ಲ.

"ನೀರೆಲ್ಲಿ?"

"ಎರಡ್ ಸಲ ಬೇಯ್ಸಿ ಎರಡ್ ನೀರೂವೆ ಚೆಲ್ ಬುಟ್ಟೆ. ಕಾಣ್ದಿದ್ ಸೊಪ್ಪ ಬಸೀದೆ ಬಾಯ್ಗಿಡ್ತಾರಾ?"

ನನ್ನ ಅಯೋಡಿನ್ನೆಲ್ಲ ಹಿತ್ತಿಲ ಬಾಳೆಯ ಬುಡ ಸೇರಿತ್ತು. ಕೂಗಾಡಿದೆ. ವಿಜ್ಞಾನ ವಿವರಿಸಿದೆ. ಅವ್ವ ಪಲ್ಯ ಬಡಿಸುತ್ತಲೇ ಇದ್ದಳು. ಚೀಲ ಮುಗಿಯುವವರೆಗೂ ಅವಳ ಪದ್ಧತಿ ಬದಲಾಗಲಿಲ್ಲ. ಇತ್ತ ನನ್ನ ಹೆಂಡತಿ ರತ್ನ ದಿನಾ ಬೆಳಿಗ್ಗೆ ಮಾತ್ರೆ ನನ್ನ ಅಂಗೈಗಿಟ್ಟು, ನುಂಗುವವರೆಗೂ ಕದಲುತ್ತಿರಲಿಲ್ಲ.

ತಿಂಗಳ ನಂತರ ರಕ್ತಪರೀಕ್ಷೆ ಮಾಡಿಸಿದೆ. ಎಲ್ಲ ಸರಿಯಾಗಿತ್ತು. ಬಸಿದ ಮೇಲೂ ಉಳಿದಷ್ಟು ಸತ್ವವೇ ಕೆಲಸ ಮಾಡಿದೆ ಎಂದುಕೊಂಡೆ. "ಕಡಲ ಪಾಚಿಯ ಪ್ರಭಾವ ಮೇಡಂ, ಇನ್ನು ಮಾತ್ರೆ ನಿಲ್ಲಿಸೋಣವೇ?" ಎಂದೆ. ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು. "ಯಾರನ್ನ ಕೇಳಿ ತಿಂದ್ರಿ? ಅಯೋಡಿನ್ ಅತಿಯಾದರೆ ಈ ಗ್ರಂಥಿ ಇನ್ನೂ ಕೆಡುತ್ತೆ. ಸರಿಯಾಗಿರೋದು ಮಾತ್ರೆಯಿಂದ. ಅದಿರಲಿ, ಹೇಗೆ ಬೇಯಿಸಿದ್ರಿ?" ತಲೆ ತಗ್ಗಿಸಿ ಹೇಳಿದೆ. "ಬಹುಪಾಲು ನೀರಲ್ಲೇ ಹೋಗಿರುತ್ತೆ, ಬಚಾವಾದ್ರಿ. ಹೋಗಿ ನಿಮ್ಮ ತಾಯಿಯ ಕಾಲಿಗೆ ಬೀಳಿ" ಎಂದು ನಕ್ಕರು.

ಬಸ್ಸಿನಲ್ಲಿ ಬರುವಾಗ, ಪಾಚಿಯಿಂದಲೇ ಗುಣವಾಯಿತೆಂದು ಅವ್ವನಿಗೆ ಸುಳ್ಳು ಹೇಳಿಬಿಡೋಣ ಎಂದೂ ಅನ್ನಿಸಿತು. ಆದರೂ ಮನೆಗೆ ಬಂದು ನಿಜವನ್ನೇ ಒಪ್ಪಿಕೊಂಡೆ. "ಅಲ್ಲವ್ವ, ಅದರಲ್ಲಿ ಅಪಾಯ ಇದೆ ಅಂತ ನಿನಗೆ ಹೆಂಗೆ ಗೊತ್ತಾಯ್ತು?"

"ನಂಗೇನ್ಲಾ ಗೊತ್ತು? ಗೊತ್ತಿಲ್ಲ ಅಂತ್ಲೇ ಬಸ್ದೆ. ಎಲ್ಲಾ ಗೊತ್ತಿದ್ ನೀನು ಯಾಕ್ಲಾ ಅಂಗೇ ತಿನ್ನಕ್ ವೊಂಟಿದ್ದೆ?"

ಮಾರನೆಯ ಬೆಳಿಗ್ಗೆ ರತ್ನ ಕೂಗುವ ಮೊದಲೇ ಎದ್ದು ಮಾತ್ರೆ ನುಂಗಿದೆ.