ಎಕ್ಸ್‌ನ ಹಿಂದಿನ ಒಂದು

ನಮ್ಮ ಕಾಕಾ ಊಟ ಮಾಡುವುದಿಲ್ಲ, ಬೀಜೋಕ್ತಿ ಬಿಡಿಸುತ್ತಾರೆ! ನಂಬುವುದಿಲ್ಲವೇ? ತಾಟಿನ ಮುಂದೆ ಕೂರಿಸಿ ನೋಡಿ. ಒಮ್ಮೆ ನಮ್ಮತ್ತೆ ಉಪಚಾರಕ್ಕೆಂದು, "ಬರೇ ಆರು ತಿಂದ್ರಿ ಬೀಗರ, ಇನ್ನೊಂದು ಹಾಕ್ಲ್ಯಾ?" ಎಂದರು.

"ಆರು ಹೆಂಗಾತ್ರಿ? ನಾಕು ರೊಟ್ಟಿ, ಎರಡು ಚಪಾತಿ. ವಿಜಾತಿ ಪದ ಕೂಡಸಾಕ ಬರೂದಿಲ್ರಿ!"

ಅತ್ತೆ ಗಾಬರಿಯಲ್ಲಿ ಏಳನೆಯದನ್ನು ಹಾಕುವುದನ್ನೇ ಮರೆತರು.

ಹುನಗುಂದದಲ್ಲಿ ಗಣಿತ ಕಲಿಸಿ ನಿವೃತ್ತರಾದವರು ಇವರು. ನಮ್ಮ ಇಳಕಲ್ಲಿನ ಸೀರೆ ಅಂಗಡಿಗೆ ಬಂದರೂ ಅದೇ ಹುಚ್ಚು. ಒಡಲಿಗೂ ಸೆರಗಿಗೂ ಎಳೆಗೆ ಎಳೆ ಕೊಂಡಿ ಹಾಕಿದ ಜಾಗ ಹುಡುಕಿ, "ಇದ ನೋಡ್ರಿ ಕೂಡಸೂ ಚಿಹ್ನಿ! ಈಚೀಗೊಂದು ಪದ, ಆಚೀಗೊಂದು ಪದ," ಎಂದು ಅಂಗಡಿಯವನಿಗೆ ಅರ್ಧ ಗಂಟೆ ಪಾಠ.

"ಖರೆ ರೀ ಸರ್. ಪ್ಯಾಕ್ ಮಾಡ್ಲೇನ್ರಿ?"

"ಬ್ಯಾಡ್ರಿ, ಸುಮ್ನ ನೋಡಾಕ ಬಂದಿದ್ದೆ."

ಇಂಥವರ ಕೈಗೆ ನಾನೇ ಸಿಕ್ಕಿಬಿದ್ದೆ. ಹತ್ತನೇ ತರಗತಿಯ ಗಣಿತದಲ್ಲಿ ಫೇಲಾಗಿ ಸಾಲೆ ಬಿಟ್ಟವಳು. ಹದಿನೆಂಟು ವರ್ಷ ಸೀರೆಗೆ ಕುಚ್ಚು ಕಟ್ಟಿ, ಈಗ ಮತ್ತೆ ಪರೀಕ್ಷೆ ಕಟ್ಟಿದ್ದೆ. ಇದೊಂದೇ ಸಲ, ಆಗದಿದ್ದರೆ ಪುಸ್ತಕ ಮುಟ್ಟುವುದಿಲ್ಲ ಎಂದು ಮನೆಯಲ್ಲಿ ಹೇಳಿಯೂ ಬಿಟ್ಟಿದ್ದೆ. ಕಾಕಾ ದಿನಾ ಬಸ್ಸಿನಲ್ಲಿ ಬಂದು ಕಲಿಸಿದರು. ಪದ, ಚರಾಕ್ಷರ, ಸ್ಥಿರಾಂಕ ಎಲ್ಲ ತಲೆಗೆ ಹೋದವು. ಸಹಗುಣಕ ಮಾತ್ರ ಹೋಗಲಿಲ್ಲ.

"5x ಒಳಗ x ದ ಸಹಗುಣಕ ಎಷ್ಟು?"

"ಐದು."

"ಬರೇ x ಇದ್ರ?"

"ಸೊನ್ನಿ. ಅದರ ಹಿಂದ ಏನೂ ಬರದಿಲ್ಲಲಾ ಕಾಕಾ!"

"ಅಯ್ಯ ನಮ್ಮವ್ವ! ಸೊನ್ನಿ ಇದ್ರ x ಆದ್ರೂ ಎಲ್ಲಿ ಉಳೀತಿತ್ತು? ಅಲ್ಲಿ ಒಂದು ಐತಿ. ಬರಿಯೂದಿಲ್ಲ, ಅಷ್ಟ."

ಮರುದಿನ ಮತ್ತೆ ಸೊನ್ನೆ. ಕಾಕಾ ಹಣೆ ಬಡಿದುಕೊಂಡು ಚಹಾ ಕೇಳುತ್ತಿದ್ದರು. ಎಷ್ಟು ಚಹಾ ಆಯಿತೋ!

ಪರೀಕ್ಷೆ ಬಾಗಲಕೋಟೆಯಲ್ಲಿ. ನನ್ನ ಮಗಳ ವಯಸ್ಸಿನ ಹುಡುಗಿಯರ ಸಾಲಿನಲ್ಲಿ ನಿಂತವಳು ಕಾಕಾನ ಕಡೆ ತಿರುಗಿದೆ.

"ಕಾಕಾ, ನೀ ಊರಿಗೆ ಹೋಗಿಬಿಡು. ಫೇಲಾದ್ರ ನಿನ್ನ ಮಾರಿ ಹೆಂಗ ನೋಡ್ಲಿ?"

"ಹೋಗ್ತೇನಿ ತಗೋ. ನೀ ಒಳಗ ನಡಿ," ಎಂದು ನನ್ನ ಚೀಲ ಇಸಿದುಕೊಂಡರು.

ಪ್ರಶ್ನೆಪತ್ರಿಕೆ ಬಂತು. x² + x − 6 ರಲ್ಲಿ x ನ ಸಹಗುಣಕ ಎಷ್ಟು? ಕೈ ತಾನಾಗಿ ಸೊನ್ನೆ ಬರೆಯಿತು. ತಪ್ಪೋ ಸರಿಯೋ ಎಂದು ಕಿಟಕಿಯತ್ತ ನೋಡಿದೆ. ಗೇಟಿನಾಚೆ, ರಣಬಿಸಿಲಲ್ಲಿ, ನನ್ನ ಚೀಲವನ್ನು ಎದೆಗವಚಿಕೊಂಡು ಕಾಕಾ ನಿಂತೇ ಇದ್ದರು.

ನನಗೆ ಅಳು ಬಂತು. ಇಷ್ಟು ವರ್ಷ ನನ್ನ ಹಿಂದೆ ಯಾರೂ ಇಲ್ಲವೆಂದೇ ತಿಳಿದಿದ್ದೆನಲ್ಲ! ಸೆರಗಿನಿಂದ ಕಣ್ಣೊರೆಸಿಕೊಂಡು, ಸೊನ್ನೆಯನ್ನು ಹೊಡೆದುಹಾಕಿ, ಒಂದು ಎಂದು ಬರೆದೆ.